ಬಾರದ ಜ್ವರಕ್ಕೆ ಅತ್ತೆಯ ಕಾವಲು

ನನಗೆ ಹನ್ನೊಂದು ವರ್ಷವಾಗಿದ್ದಾಗ ಹಿಂದೂಪುರದ ಆಸ್ಪತ್ರೆಯಲ್ಲಿ ನನ್ನ ಎಡಗೈಗೆ, ಮೊಣಕೈಯಿಂದ ಸ್ವಲ್ಪ ಕೆಳಗೆ, ಒಂದು ಸೂಜಿ ಚುಚ್ಚಿದರು. ಅದು ಔಷಧಿಯ ಸೂಜಿಯಲ್ಲ, ಪರೀಕ್ಷೆಯ ಸೂಜಿ. ಚುಚ್ಚಿದ ಜಾಗದ ಸುತ್ತ ನೀಲಿ ಪೆನ್ನಿನಲ್ಲಿ ಗೆರೆ ಎಳೆದು, ಮೂರು ದಿನ ಕೆರೆಯಬೇಡ ಎಂದು ಹೇಳಿ ಕಳಿಸಿದರು. ಮೂರನೆಯ ದಿನಕ್ಕೆ ಅದು ಕೆಂಪಗೆ ಊದಿ ಕಡ್ಲೆಬೇಳೆ ವಡೆಯಷ್ಟಗಲ ಆಗಿತ್ತು. ನನ್ನ ತಮ್ಮನಿಗೂ ಚುಚ್ಚಿದ್ದರು, ಅವನದು ಸೊಳ್ಳೆ ಕಚ್ಚಿದಷ್ಟೂ ಊದಿರಲಿಲ್ಲ. ಅವನಿಗಿಂತ ನಾನೇ ಗೆದ್ದೆ ಎಂದುಕೊಂಡು ಬೀದಿಯ ಹುಡುಗಿಯರಿಗೆಲ್ಲ ಕೈ ತೋರಿಸಿ ಮೆರೆದೆ. ಅಷ್ಟು ಪೆದ್ದು ನಾನು.

ಆ ಸೂಜಿಯ ಪ್ರಸಂಗ ಬಂದದ್ದು ಚಿಕ್ಕಪ್ಪನಿಂದ. ನಮ್ಮದು ನೇಯ್ಗೆಯ ಮನೆ. ಮಗ್ಗದ ಕೋಣೆಯಲ್ಲಿ ನೆಲಕ್ಕೆ ಕುಣಿ ತೋಡಿ ಹೂಡಿದ ಎರಡು ಮಗ್ಗ, ಒಂದರಲ್ಲಿ ಅಪ್ಪ, ಇನ್ನೊಂದರಲ್ಲಿ ಚಿಕ್ಕಪ್ಪ. ನಮ್ಮ ಸೀಮೆಯ ಒಣಗಾಳಿ ರೇಷ್ಮೆಗೆ ಆಗಿಬರುವುದಿಲ್ಲ. ಗಾಳಿ ಬಡಿದರೆ ಮಗ್ಗಕ್ಕೆ ಉದ್ದಕ್ಕೆ ಬಿಗಿದ ಹಾಸಿನ ಎಳೆಗಳು ಒಣಗಿ ಪಟಪಟನೆ ಹರಿಯುತ್ತವೆ. ಹಾಗಾಗಿ ಆ ಕೋಣೆಗಿದ್ದ ಒಂದೇ ಕಿಟಕಿಯನ್ನು ತಾತನ ಕಾಲದಿಂದಲೂ ಮುಚ್ಚಿ, ಸಂದಿಗೆಲ್ಲ ಗೋಣಿಚೂರು ತುರುಕಿ, ನೆಲಕ್ಕೆ ನೀರು ಚಿಮುಕಿಸಿ ತಂಪು ಮಾಡಿಕೊಂಡು ನೇಯುತ್ತಿದ್ದರು. ಬೇಸಿಗೆಯಲ್ಲಿ ಊರಿಗೆ ಊರೇ ಬೇಯುತ್ತಿದ್ದರೂ ಆ ಕೋಣೆಯೊಳಗೆ ಹಿತವಾಗಿರುತ್ತಿತ್ತು. ಒದ್ದೆ ಮಣ್ಣಿನ ವಾಸನೆ, ಬಣ್ಣದ ವಾಸನೆ, ಎರಡು ಮಗ್ಗ ಒಂದಾದ ಮೇಲೊಂದು ಬಡಿಯುವ ಸದ್ದು. ನಾವು ಮಕ್ಕಳು ಅಲ್ಲೇ ಓದಿ, ಅಲ್ಲೇ ಉಂಡು, ಅಲ್ಲೇ ತೂಕಡಿಸಿ ಬೆಳೆದವರು. ಆ ಕೋಣೆಯನ್ನು ನೆನೆದರೆ ನನಗೆ ಇವತ್ತಿಗೂ ನಿದ್ದೆ ಬರುವಷ್ಟು ನೆಮ್ಮದಿ.

ನನಗೂ ಅಲ್ಲಿ ಒಂದು ಕೆಲಸವಿತ್ತು. ಅಡ್ಡ ಎಳೆ ಒಯ್ಯುವ ಲಾಳಿಯೊಳಗೆ ಹೊಸದಾಗಿ ನೂಲು ಸುತ್ತಿದ ಕಂಡಿಕೆ ಹಾಕಿದಾಗ ಪಕ್ಕದ ಸಣ್ಣ ತೂತಿನಿಂದ ಎಳೆ ಹೊರಗೆ ಬರಬೇಕು. ಅದಕ್ಕೆ ಲಾಳಿಯನ್ನು ತುಟಿಗಿಟ್ಟು ಸುರ್ರೆಂದು ಹೀರಬೇಕು. ಅಪ್ಪನಿಗೂ ಚಿಕ್ಕಪ್ಪನಿಗೂ ಹೀರಿಕೊಡುವವಳು ನಾನು. ಚಿಕ್ಕಪ್ಪ ತಿಂಗಳಾನುಗಟ್ಟಲೆ ಕೆಮ್ಮಿದ. ನೂಲಿನ ದೂಳು ಅಂದರು, ಬೀಡಿ ಅಂದರು. ಕಫದಲ್ಲಿ ರಕ್ತ ಬಿದ್ದ ಮೇಲೆ ಆಸ್ಪತ್ರೆಗೆ ಹೋದ. ಟೀಬಿ ಎಂದು ಗೊತ್ತಾಗಿ ಅವನಿಗೆ ದಿನವೂ ಔಷಧಿಯ ಸೂಜಿ ಶುರುವಾಯಿತು, ಮನೆಯ ಮಕ್ಕಳಿಗೂ ತಗುಲಿದೆಯೇ ಎಂದು ನೋಡಲು ಆ ಪರೀಕ್ಷೆಯ ಸೂಜಿ.

ನಮ್ಮಜ್ಜಿ ಎಲ್ಲ ಪಾಪವನ್ನೂ ಆ ಲಾಳಿಯ ತಲೆಗೆ ಕಟ್ಟಿದಳು. ಎಂಜಲು ಹೀರಿಸಿ ಕೂಸಿಗೂ ಕಾಯಿಲೆ ತಗುಲಿಸಿಬಿಟ್ಟಿರಿ ಎಂದು ಅಪ್ಪನಿಗೆ ಬೈಗುಳ. ಅವತ್ತಿನಿಂದ ಚಿಕ್ಕಪ್ಪನ ಲಾಳಿಗೆ ಗುರುತಿಗೆ ಕೆಂಪು ದಾರ, ಬೇರೆ ತಟ್ಟೆ, ಬೇರೆ ಲೋಟ, ಅವನ್ನು ತೊಳೆಯುವುದಕ್ಕೆ ಕುದಿಯುವ ನೀರು. ಎಲ್ಲವೂ ಬೇರೆ. ಮಗ್ಗ ಮಾತ್ರ ಅದೇ ಕೋಣೆಯಲ್ಲಿ, ಅಪ್ಪನ ಮಗ್ಗದ ಮಗ್ಗುಲಲ್ಲೇ. ಒಮ್ಮೆ ಡಾಕ್ಟರು ಅಪ್ಪನನ್ನು ಕೇಳಿದರು, ಆ ಕೋಣೆಯಲ್ಲಿ ಗಾಳಿ ಆಡುತ್ತದೆಯೇ ಎಂದು. ಅಪ್ಪ ಎದೆಯುಬ್ಬಿಸಿ, "ಒಂಚೂರೂ ಆಡಲ್ಲ ಸಾರ್, ಪಕ್ಕಾ ಬಂದೋಬಸ್ತು ಮಾಡಿದೀವಿ" ಅಂದ. ಡಾಕ್ಟರು ಹಣೆ ಚಚ್ಚಿಕೊಂಡರು. ಈ ಕಾಯಿಲೆ ಎಂಜಲಿನಿಂದಲ್ಲ, ಕೆಮ್ಮಿದ ಗಾಳಿಯಿಂದ ಹರಡುವುದು, ಮೊದಲು ಕಿಟಕಿ ತೆಗೆಯಿರಿ ಎಂದು ತೆಲುಗಿನಲ್ಲಿ ಬಿಡಿಸಿ ಬಿಡಿಸಿ ಹೇಳಿದರು. ಅಪ್ಪ ಆಯಿತು ಸಾರ್ ಎಂದು ಬಂದವನು ತೆಗೆಯಲಿಲ್ಲ. ಹಾಸಿನ ಎಳೆ ಹರಿಯುತ್ತದಲ್ಲ! ಆ ಕಿಟಕಿ ಕೊನೆಗೂ ತೆರೆದದ್ದು ಚಿಕ್ಕಪ್ಪನಿಗೆ ಪೂರ್ತಿ ಗುಣವಾದ ಮೇಲೆ, ಅದೂ ಇಲಿ ಹಿಡಿಯಲು ಬೆಕ್ಕು ಬರಲಿ ಎಂದು.

ನನ್ನ ಕೈಯ ಊತವನ್ನು ಡಾಕ್ಟರು ಅಡಿಕೋಲಿಟ್ಟು ಅಳೆದರು. ಎದೆಯ ಫೋಟೋ ತೆಗೆಸಿದರು. ಫೋಟೋ ಸ್ವಚ್ಛವಾಗಿತ್ತು. "ಬೀಜ ಒಳಗೆ ಹೋಗಿದೆ, ಮಲಗಿದೆ. ಈಗ ಇವಳಿಗೆ ಕಾಯಿಲೆ ಇಲ್ಲ, ಇವಳಿಂದ ಯಾರಿಗೂ ಬರುವುದೂ ಇಲ್ಲ" ಅಂದರು. ತೀರಾ ಸಣ್ಣ ಮಕ್ಕಳಾಗಿದ್ದರೆ ಮಾತ್ರೆ ಕೊಡುತ್ತಿದ್ದರಂತೆ, ನಾನು ದೊಡ್ಡವಳಂತೆ, ನೋಡಿಕೊಂಡಿದ್ದರೆ ಸಾಕಂತೆ.

ಅಮ್ಮ ಕೇಳಿದಳು, "ಅದು ಯಾವಾಗ ಏಳ್ತದೆ ಸಾರ್?"

"ಏಳದೆಯೂ ಇರಬಹುದಮ್ಮ. ಬಹಳ ಜನಕ್ಕೆ ಬದುಕಿರುವ ತನಕ ಏಳುವುದೇ ಇಲ್ಲ. ಕೆಲವರಿಗೆ ಏಳುತ್ತದೆ."

"ಇವಳಿಗೆ?"

"ಚೆಪ್ಪಲೇಮಮ್ಮಾ" ಅಂದರು ಡಾಕ್ಟರು. ಹೇಳುವುದಕ್ಕಾಗುವುದಿಲ್ಲ, ಯಾರಿಂದಲೂ ಆಗುವುದಿಲ್ಲ. ಎರಡು ವಾರಕ್ಕೆ ಮೀರಿದ ಕೆಮ್ಮು, ಸಾಯಂಕಾಲದ ಸಣ್ಣ ಜ್ವರ, ನಿದ್ದೆಯಲ್ಲಿ ಬೆವರು, ಊಟ ಸೇರದಿರುವುದು, ತೂಕ ಇಳಿಯುವುದು, ಇವು ಕಂಡರೆ ತಡಮಾಡದೆ ಕರೆದುಕೊಂಡು ಬನ್ನಿ ಎಂದು ಹೇಳಿ ಕಳಿಸಿದರು. ಅಮ್ಮ ದಾರಿಯುದ್ದಕ್ಕೂ ಸೆರಗಿನಲ್ಲಿ ಕಣ್ಣೊರೆಸಿಕೊಂಡು ಬಂದಳು. ಕಾಯಿಲೆ ಇದೆ ಅಂದಿದ್ದರೆ ಅವಳು ಗಟ್ಟಿಯಾಗಿರುತ್ತಿದ್ದಳೋ ಏನೋ, ಹೇಳೋಕಾಗಲ್ಲ ಅಂದದ್ದೇ ಅವಳ ಧೈರ್ಯ ಕೆಡಿಸಿತು.

ವಾರದೊಳಗೆ ಕಲ್ಯಾಣದುರ್ಗದಿಂದ ಅತ್ತೆ ಬಂದಿಳಿದಳು. ಅಪ್ಪನ ಅಕ್ಕ. ಇದೇ ಮನೆಯಲ್ಲಿ, ಇದೇ ಮಗ್ಗದ ಕೋಣೆಯಲ್ಲಿ ಆಡಿ ಬೆಳೆದು, ಹದಿನಾರಕ್ಕೆ ಮದುವೆಯಾಗಿ ಹೋದವಳು. ದಪ್ಪ ಹೆಂಗಸು, ಬಾಗಿಲಲ್ಲಿ ನಿಂತರೆ ಒಳಗೆ ಕತ್ತಲಾಗುತ್ತಿತ್ತು. ಇಬ್ಬರು ಗಂಡುಮಕ್ಕಳು, ಹೆಣ್ಣುಮಗುವಿನ ಆಸೆ ಹಾಗೇ ಉಳಿದಿತ್ತು. ಅಮ್ಮ ಅಳುತ್ತ ನಡೆದದ್ದೆಲ್ಲ ಹೇಳಿದಳು. ಅತ್ತೆ ಕಾಲು ತೊಳೆದುಕೊಂಡು, ಎರಡು ಲೋಟ ನೀರು ಕುಡಿದು, ಮಾತಾಡಿದಳು.

"ಯಾರ ಕೈಲೂ ಹೇಳಾಕಾಗಲ್ಲ ಅಂದ್ನಾ ಡಾಕ್ಟ್ರು? ನಾನು ಹೇಳ್ತೀನಿ ಬಿಡು. ಅದು ಏಳಾಕೆ ಮುಂಚೇನೇ ನಂಗೆ ಗೊತ್ತಾಗ್ತದೆ. ಈ ಗಾಳಿ ಇಲ್ದಿರೋ ಗವೀಲಿ ಯಾಕಿರ್ಬೇಕು ಹುಡ್ಗಿ? ನಾಳೀಕೆ ಕರ್ಕಂಡೋಯ್ತೀನಿ."

ಹಾಗೆ ನಾನು ಕಲ್ಯಾಣದುರ್ಗದವಳಾದೆ. ಬಸ್ಸು ಮಡಕಶಿರ, ಪಾವಗಡ ಎಂದು ಸುತ್ತಿ ಹೋಗುತ್ತಿತ್ತು. ಕಂಬದೂರು ಬಂದ ಮೇಲೆ ಅತ್ತೆ ನನ್ನ ಜಡೆ ಬಿಚ್ಚಿ ಹೊಸದಾಗಿ ಹೆಣೆದು, ಮುಖ ಒರೆಸಿ, ತನ್ನ ಊರಿಗೆ ತೋರಿಸಲು ಸಿದ್ಧ ಮಾಡಿದಳು. ಮಾವನದು ಕಡ್ಲೆಕಾಯಿ ಮಿಲ್ಲು. ಮನೆಯ ಪಕ್ಕದಲ್ಲೇ ಕಾಯಿಯ ರಾಶಿ, ಹೊಟ್ಟಿನ ರಾಶಿ, ಅದರ ಮೇಲೆ ಹತ್ತಿ ಜಾರುವ ನಾನು. ಅಲ್ಲಿ ಗಾಳಿಗೆ ಬರವಿರಲಿಲ್ಲ. ಬೆಳಿಗ್ಗೆ ಎದ್ದರೆ ನೆನೆಸಿದ ಕಡ್ಲೆಬೀಜ ಮತ್ತು ಬೆಲ್ಲ, ಆಮೇಲೆ ಮೇಕೆ ಹಾಲು, ಮಧ್ಯಾಹ್ನ ರಾಗಿಮುದ್ದೆಯ ಜೊತೆ ಬೇಯಿಸಿದ ಮೊಟ್ಟೆ, ಶಾಲೆಯಿಂದ ಬಂದರೆ ಮತ್ತೆ ಕಡ್ಲೆಬೀಜ. ಬಕ್ರೀದಿಗೆ ಸಾಕಿದ ಟಗರಿಗೂ ಅಷ್ಟು ಉಪಚಾರ ಸಿಕ್ಕಿರಲಾರದು. ಶಾಲೆಯಲ್ಲಿ ಪಾಠವೆಲ್ಲ ತೆಲುಗು, ಮನೆಯಲ್ಲಿ ಕನ್ನಡ, ಮಿಲ್ಲಿನಲ್ಲಿ ಎರಡೂ ಕಲಸುಮೇಲೋಗರ. ನನ್ನ ಬಾಲ್ಯ ಎಂದರೆ ನನಗೆ ನೆನಪಾಗುವುದು ಹುರಿದ ಕಡ್ಲೆಬೀಜದ ವಾಸನೆಯೇ.

ಅತ್ತೆಯ ಕಾವಲು ಬೆಳಿಗ್ಗೆಯೇ ಶುರುವಾಗುತ್ತಿತ್ತು. ನಾನು ಮಲಗುತ್ತಿದ್ದದ್ದು ಅವಳ ಮಗ್ಗುಲಲ್ಲೇ. ಎದ್ದ ಕೂಡಲೇ ನನ್ನ ದಿಂಬನ್ನು ತಿರುವಿ, ಬೆವರಿನ ತೇವ ಇದೆಯೇ ಎಂದು ಕೆನ್ನೆಗೆ ಒತ್ತಿ ನೋಡುವಳು. ಸಂಜೆ ದೀಪ ಹಚ್ಚಿದ ಮೇಲೆ ಅಂಗೈಯ ಹಿಂಬದಿಯನ್ನು ನನ್ನ ಹಣೆಗಿಟ್ಟು, ಕಣ್ಣು ಮುಚ್ಚಿ, ಉಸಿರು ಬಿಗಿಹಿಡಿದು ನಿಲ್ಲುವಳು. ಊಟದಲ್ಲಿ ಒಂದು ತುತ್ತು ಬಿಟ್ಟರೂ ವಿಚಾರಣೆ. ಭಾನುವಾರ ಮಿಲ್ಲಿಗೆ ರಜ, ಅವತ್ತು ನನ್ನ ತೂಕ. ಕಡ್ಲೆಕಾಯಿ ಮೂಟೆ ತೂಗುವ ದೊಡ್ಡ ಕಾಟಾದ ಮೇಲೆ ನನ್ನನ್ನು ನಿಲ್ಲಿಸಿ, ಮಾವನ ಕೈಯಲ್ಲಿ ಕಡ್ಡಿ ಸರಿಮಾಡಿಸಿ, ಬಂದ ತೂಕವನ್ನು ಅಡುಗೆಮನೆಯ ಬಾಗಿಲ ಹಿಂದೆ ಇದ್ದಲಿನಲ್ಲಿ ಬರೆಯುವಳು. ಕಾಲು ಕಿಲೋ ಏರಿದರೆ ಅವತ್ತು ಪಾಯಸ. ಅರ್ಧ ಕಿಲೋ ಇಳಿದರೆ ಮನೆಯವರಿಗೆಲ್ಲ ಮುಖ ಗಂಟು. ಮೂಟೆ ಹೊರುವ ಹಮಾಲಿಗಳು, "ಅಮ್ಮಾ, ಹುಡ್ಗೀನ ಚೀಲಕ್ಕೆ ಹಾಕಿ ಹೊಲಿದುಬುಡಾನ?" ಎಂದು ನಗುತ್ತಿದ್ದರು. ನನಗೆ ಮೈಯೆಲ್ಲ ಉರಿಯುತ್ತಿತ್ತು.

ಒಮ್ಮೆ ನೆಗಡಿಯಾಗಿ ಮೂರು ದಿನ ಜ್ವರ ಬಂತು. ಅತ್ತೆ ನನ್ನನ್ನು ಹೊತ್ತುಕೊಂಡೇ ಆಸ್ಪತ್ರೆಗೆ ಓಡಿದಳು. ಬರೀ ನೆಗಡಿ ಎಂದರೂ ನಂಬದೆ ಎದೆಯ ಫೋಟೋ ತೆಗೆಸಿದಳು. ಅದೂ ಸ್ವಚ್ಛ. ಡಾಕ್ಟರಿಂದ ಆಗದ್ದು ಜೋಯಿಸರಿಂದ ಆದೀತೆಂದು ಕಂಬದೂರಿನ ಕಡೆಯ ಒಬ್ಬರ ಹತ್ತಿರ ಹೋಗಿ ನನ್ನ ಜಾತಕ ತೋರಿಸಿದಳು. ಅವರು ಧೈರ್ಯವಂತರು. ಹತ್ತೊಂಬತ್ತನೆಯ ವರ್ಷ ಕಂಟಕ, ದಾಟಿದರೆ ನೂರು ವರ್ಷ ಎಂದುಬಿಟ್ಟರು. ನನ್ನ ಹತ್ತೊಂಬತ್ತನೆಯ ವರ್ಷವೆಲ್ಲ ಅತ್ತೆ ನನ್ನನ್ನು ಬಿಸಿಲಿಗೂ ಬಿಡಲಿಲ್ಲ, ನೆರಳಿಗೂ ಬಿಡಲಿಲ್ಲ. ಇಪ್ಪತ್ತು ತುಂಬಿದ ದಿನ ಒಬ್ಬಟ್ಟು ಮಾಡಿ ಬೀದಿಗೆಲ್ಲ ಹಂಚಿದಳು. ಪೀಡೆ ಕಳೆಯಿತಲ್ಲ, ಇನ್ನಾದರೂ ಬಿಡುತ್ತಾಳೆ ಎಂದುಕೊಂಡೆ. ಮಾರನೆಯ ಬೆಳಿಗ್ಗೆ ನನ್ನ ದಿಂಬು ಮತ್ತೆ ಅವಳ ಕೆನ್ನೆಯ ಮೇಲಿತ್ತು.

ಅದೇ ವರ್ಷ ಪರಿಗಿಯಿಂದ ಒಂದು ಸಂಬಂಧ ಬಂತು. ಹೆಣ್ಣು ನೋಡುವ ಶಾಸ್ತ್ರ ಕಲ್ಯಾಣದುರ್ಗದಲ್ಲೇ ಆಗಲಿ ಎಂದು ಅಪ್ಪ ಅಮ್ಮನೂ ಬಂದಿದ್ದರು. ಹುಡುಗ ಮೇಷ್ಟ್ರು, ಬಿಳಿ ಶರ್ಟು, ಬಾಚಿದ ಕ್ರಾಪು. ಸುಳ್ಳೇಕೆ ಹೇಳಲಿ, ನನಗೆ ಹಿಡಿಸಿದ್ದ. ನಾನು ಕಾಫಿ ತಂದು ಕೊಟ್ಟೆ. ಹುಡುಗನ ತಾಯಿ ನನ್ನ ಜಡೆ ಮುಟ್ಟಿ ನೋಡಿ ನಕ್ಕಳು. ಎಲ್ಲ ಸರಿಯಾಯಿತು ಎನ್ನುವಷ್ಟರಲ್ಲಿ ಅತ್ತೆ ಎಲೆಅಡಿಕೆಯ ತಟ್ಟೆ ಅವರ ಮುಂದಿಟ್ಟು ಬಾಯಿ ಬಿಟ್ಟಳು.

"ಒಂದು ಮಾತು ಹೇಳ್ಬೇಕು ಕಣಮ್ಮ. ಹುಡ್ಗಿ ಒಳಗೆ ಟೀಬಿ ಬೀಜ ಐತೆ. ಮಲಗೈತೆ ಅಷ್ಟೆ, ಕಾಯ್ಲೆ ಏನಿಲ್ಲ. ಏಳದೇನೂ ಇರ್ಬೋದು ಅಂದವ್ರೆ ಡಾಕ್ಟ್ರು. ಏಳ್ತದೇನೋ ಅಂತ ನೋಡ್ಕಂತಾ ಇರ್ಬೇಕು. ಎಂಗೆ ನೋಡ್ಬೇಕು ಅಂತ ನಾನು ಹೇಳ್ಕೊಡ್ತೀನಿ."

ಅವರು ಕಾಫಿ ಅರ್ಧಕ್ಕೇ ಬಿಟ್ಟು ಎದ್ದು ಹೋದರು. ಎಲೆಅಡಿಕೆಯನ್ನು ಮುಟ್ಟಲಿಲ್ಲ. ಅಪ್ಪ ತಲೆ ತಗ್ಗಿಸಿ ಕೂತ. ನಾನು ಅವತ್ತು ಆಡಿದ ಮಾತು ಬರೆಯಲು ನನಗೆ ಈಗಲೂ ನಾಚಿಕೆ. "ನಿನ್ ಕಣ್ಣಿಗಿಂತ ಆ ಕಾಯ್ಲೇನೇ ವಾಸಿ ಅತ್ತೆ. ಅದು ಎದ್ರೆ ಒಂದ್ಸಲ ಸಾಯ್ತೀನಿ. ನೀನು ದಿನಾ ಸಾಯಿಸ್ತಿದ್ದೀಯ" ಅಂದೆ.

ಅತ್ತೆ ಬೈಯಲಿಲ್ಲ. "ಮುಚ್ಚಿಟ್ಟು ಕೊಟ್ಬುಟ್ರೆ, ನಾಳೀಕೆ ಬಸ್ರಿ ಬಾಣಂತಿ ಆದಾಗ ಅದು ಎದ್ರೆ ಅಲ್ಲಿ ಯಾರು ನೋಡ್ತಾರಮ್ಮಿ? ಗೊತ್ತಿದ್ರೆ ತಾನೆ ನೋಡೋದು?" ಅಂದಳು. ನನಗೆ ಆ ಮಾತು ಕಿವಿಗೆ ಬಿತ್ತು, ತಲೆಗೆ ಹೋಗಲಿಲ್ಲ. ಅವತ್ತೇ ಬಟ್ಟೆ ಗಂಟು ಕಟ್ಟಿಕೊಂಡು ಅಪ್ಪ ಅಮ್ಮನ ಜೊತೆ ಹಿಂದೂಪುರದ ಬಸ್ಸು ಹತ್ತಿದೆ.

ಎರಡು ವರ್ಷ ಕಲ್ಯಾಣದುರ್ಗದ ಕಡೆ ತಲೆ ಹಾಕಲಿಲ್ಲ. ಹಬ್ಬಕ್ಕೆ ಕರೆದರೆ ಏನಾದರೊಂದು ನೆವ. ಅವಳು ಬಸ್ಸಿನ ಕಂಡಕ್ಟರ ಕೈಯಲ್ಲಿ ಕಳಿಸುತ್ತಿದ್ದ ಕಡ್ಲೆಬೀಜದ ಚೀಲವನ್ನು ಬಿಚ್ಚದೆ ಅಮ್ಮನ ಕೈಗೆ ಕೊಡುತ್ತಿದ್ದೆ. ಅಪ್ಪನ ಮಗ್ಗದ ಪಕ್ಕದ ಮಗ್ಗದಲ್ಲಿ ನಾನೇ ನೇಯಲು ಕೂತೆ. ಚಿಕ್ಕಪ್ಪ ಅಷ್ಟರಲ್ಲಿ ಬಟ್ಟೆ ವ್ಯಾಪಾರಕ್ಕೆ ಇಳಿದಿದ್ದ. ನನ್ನ ದಿಂಬನ್ನು ಯಾರೂ ನೋಡುತ್ತಿರಲಿಲ್ಲ, ಹಣೆಯನ್ನು ಯಾರೂ ಮುಟ್ಟುತ್ತಿರಲಿಲ್ಲ. ಮೊದಲ ಕೆಲವು ದಿನ ಹಬ್ಬದ ಹಾಗಿತ್ತು. ಆಮೇಲೆ ಸಂಜೆಯಾದರೆ ಏನೋ ಒಂದು ಬಿಟ್ಟುಹೋದ ಹಾಗೆ ಆಗುತ್ತಿತ್ತು, ಹಟಕ್ಕೆ ಬಿದ್ದು ಯಾರಿಗೂ ಹೇಳಲಿಲ್ಲ. ಅವಳನ್ನು ಕ್ಷಮಿಸಬೇಕೋ ಅವಳಲ್ಲಿ ಕ್ಷಮೆ ಕೇಳಬೇಕೋ ಎಂಬುದೇ ನನಗೆ ತಿಳಿಯುತ್ತಿರಲಿಲ್ಲ.

ಒಂದು ಮಧ್ಯಾಹ್ನ ಅಪ್ಪ ಕಲ್ಯಾಣದುರ್ಗದಿಂದ ಬಂದ. ನಾನು ಮಗ್ಗದಲ್ಲಿದ್ದೆ. ಅಮ್ಮನ ಹತ್ತಿರ ಹೇಳುತ್ತಿದ್ದ, "ಅಕ್ಕನ್ನ ನೋಡಾಕಾಗಲ್ಲ ಕಣೆ. ಸಕ್ರೆ ಕಾಯ್ಲೆ ಅಂತೆ, ಪೂರಾ ಕರಗೋಗವ್ಳೆ. ಮುದ್ದೆ ಸೇರಲ್ಲ. ಬೆಳಿಗ್ಗೆ ಚೆನ್ನಾಗಿರ್ತಾಳೆ, ಸಂಜೆ ಆಯ್ತಿದ್ದಂಗೆ ಮೈ ಬೆಚ್ಚಗಾಯ್ತದಂತೆ."

ನನ್ನ ಕಾಲು ಮಗ್ಗ ತುಳಿಯುವ ಹಲಗೆಯ ಮೇಲೆ ಹಾಗೇ ನಿಂತುಬಿಟ್ಟಿತು. ಊಟ ಸೇರುವುದಿಲ್ಲ, ತೂಕ ಇಳಿದಿದೆ, ಸಂಜೆ ಮೈ ಬೆಚ್ಚಗಾಗುತ್ತದೆ. ಒಂಬತ್ತು ವರ್ಷ ಈ ಮೂರನ್ನೇ ಹೆದರಿ ಹೆದರಿ ನನ್ನಲ್ಲಿ ಹುಡುಕಿದವಳು ಅವಳು. ಸಕ್ಕರೆ ಕಾಯಿಲೆ ಎಂದು ಒಬ್ಬರು ಹೇಳಿದ್ದನ್ನು ಎಲ್ಲರೂ ಒಪ್ಪಿಕೊಂಡು ಕೂತಿದ್ದರು. ಅವಳೂ ಒಪ್ಪಿಕೊಂಡಿದ್ದಳು. ಮಾರನೆಯ ದಿನ ಮೊದಲನೇ ಬಸ್ಸು ಹತ್ತಿದೆ.

ಅತ್ತೆ ಜಗುಲಿಯ ಮೇಲೆ ಕಡ್ಲೆಬೀಜ ಆರಿಸುತ್ತ ಕೂತಿದ್ದಳು. ನನಗೆ ಮೊದಲು ಗುರುತೇ ಸಿಗಲಿಲ್ಲ. ರವಿಕೆಯ ತೋಳು ಜೋತು ಬಿದ್ದಿತ್ತು, ಬಳೆ ಮೊಣಕೈಯವರೆಗೂ ಜಾರುತ್ತಿತ್ತು. "ಬಂದ್ಯೇನಮ್ಮಿ?" ಎಂದು ಎದ್ದವಳು ಕೆಮ್ಮಿದಳು. ಮುನಿಸಿನ ಮಾತು ನನಗೂ ನೆನಪಾಗಲಿಲ್ಲ, ಅವಳಿಗೂ ನೆನಪಾಗಲಿಲ್ಲ. ನಾನು ಚೀಲ ಕೆಳಗಿಟ್ಟು ಕೇಳಿದೆ, "ಎಷ್ಟು ದಿನದಿಂದ ಈ ಕೆಮ್ಮು?" "ನಿನ್ನೆ ಮೊನ್ನೇದು ಕಣಮ್ಮಿ, ಹೊಟ್ಟಿನ ದೂಳು" ಅಂದಳು. "ಮಲಗಿದ್ದಾಗ ಬೆವರ್ತೀಯಾ?" "ಸೆಕೆಗೆ ಯಾರು ಬೆವರಲ್ಲ?" ನಾನು ಚಿಕ್ಕಂದಿನಲ್ಲಿ ಅವಳಿಂದ ತಪ್ಪಿಸಿಕೊಳ್ಳಲು ಹೇಳುತ್ತಿದ್ದ ಸುಳ್ಳುಗಳನ್ನೇ ಅವಳು ಒಂದೊಂದಾಗಿ ನನಗೆ ಹೇಳಿದಳು. ಸಂಜೆ ಅವಳ ಹಣೆ ಮುಟ್ಟಿದೆ. ಸುಡುತ್ತಿತ್ತು.

ಆಸ್ಪತ್ರೆಯಲ್ಲಿ ಮೂರು ಬೆಳಿಗ್ಗೆ ಕಫ ಕೊಟ್ಟೆವು, ಎದೆಯ ಫೋಟೋ ತೆಗೆಸಿದೆವು. ಟೀಬಿ ಎಂದೇ ಬಂತು. ಒಂದು ಶ್ವಾಸಕೋಶ ಆಗಲೇ ಸಾಕಷ್ಟು ಹಾಳಾಗಿತ್ತು. ಡಾಕ್ಟರು ಅತ್ತೆಯನ್ನು ಕೇಳಿದರು, ಚಿಕ್ಕಂದಿನಲ್ಲಿ ಮನೆಯಲ್ಲಿ ಯಾರಾದರೂ ಬಹಳ ದಿನ ಕೆಮ್ಮುತ್ತಿದ್ದರೇ ಎಂದು.

"ನಮ್ಮಪ್ಪನಿಗೆ ದಮ್ಮಿತ್ತು ಸಾರ್. ಮಗ್ಗದ ಮನೇಲೇ ಕೆಮ್ಮಿ ಕೆಮ್ಮಿ ಹೋದ."

"ದಮ್ಮೇ ಆಗಿತ್ತೋ ಏನೋ ಈಗ ಹೇಳೋಕಾಗಲ್ಲ" ಅಂದರು ಡಾಕ್ಟರು. "ಬೀಜ ಆಗಲೇ ಸೇರಿರಬಹುದು. ಇಷ್ಟು ವರ್ಷ ಮಲಗಿತ್ತು, ಸಕ್ಕರೆ ಕಾಯಿಲೆ ಬಂದು ಮೈಯ ಶಕ್ತಿ ಕುಂದಿದಾಗ ಎದ್ದಿದೆ."

ಅತ್ತೆಗೆ ಯಾರೂ ಪರೀಕ್ಷೆಯ ಸೂಜಿ ಚುಚ್ಚಿರಲಿಲ್ಲ. ಮದುವೆಯಾಗಿ ಹೋದವಳನ್ನು ಆ ಮಗ್ಗದ ಕೋಣೆಯ ಲೆಕ್ಕಕ್ಕೆ ಸೇರಿಸಬೇಕು ಎಂದು ನಮ್ಮಲ್ಲಿ ಯಾರಿಗೂ ಹೊಳೆದಿರಲಿಲ್ಲ. ನಾನಾದರೂ ಆ ಎರಡು ವರ್ಷದಲ್ಲಿ ಒಂದೇ ಒಂದು ಹಬ್ಬಕ್ಕೆ ಹೋಗಿದ್ದರೆ, ಒಂದು ನೋಟದಲ್ಲಿ ಗೊತ್ತಾಗಿಬಿಡುತ್ತಿತ್ತು. ಆ ಲಕ್ಷಣಗಳನ್ನು ನನ್ನಷ್ಟು ಬಾಯಿಪಾಠ ಮಾಡಿದವರು ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ಹೋಗಲಿಲ್ಲ. ಬಿಳಿ ಶರ್ಟಿನ ಒಬ್ಬ ಮೇಷ್ಟ್ರಿಗಾಗಿ ಹಟ ಹಿಡಿದು ಕೂತಿದ್ದೆ. ನನ್ನ ಮೇಲೆ ನನಗೆ ಅಷ್ಟು ಅಸಹ್ಯ ಹಿಂದೆಂದೂ ಆಗಿರಲಿಲ್ಲ.

ಮುಂದೆ ಅತ್ತೆಗೆ ಗುಣವಾಯಿತು. ತಿಂಗಳುಗಟ್ಟಲೆ ನಾನೇ ಅಲ್ಲಿದ್ದು, ಮನೆಯ ಕಿಟಕಿಗಳನ್ನೆಲ್ಲ ತೆರೆದಿಟ್ಟು, ಒಂದು ದಿನವೂ ತಪ್ಪಿಸದೆ ಮಾತ್ರೆ ನುಂಗಿಸಿದೆ. ಮೆಟ್ಟಿಲು ಹತ್ತಿದರೆ ಏದುಸಿರು ಬರುವುದು ಉಳಿಯಿತು, ಆದರೂ ಬಹಳ ವರ್ಷ ಬದುಕಿದಳು. ನನ್ನೊಳಗಿನ ಬೀಜ, ಎಲ್ಲ ಗೊತ್ತಿದ್ದೇ ಒಪ್ಪಿದವನ ಜೊತೆ ಮದುವೆ, ಎರಡು ಬಾಣಂತನ, ಇಷ್ಟೆಲ್ಲ ಮುಗಿದರೂ ಇವತ್ತಿಗೂ ಎದ್ದಿಲ್ಲ. ಏಳುತ್ತದೋ ಇಲ್ಲವೋ ಎಂದು ಹೇಳಬಲ್ಲವರನ್ನು ನಾನು ಇನ್ನೂ ಕಂಡಿಲ್ಲ. ಆದರೆ ಅವತ್ತು ಆಸ್ಪತ್ರೆಯಿಂದ ಹೊರಗೆ ಬಂದಾಗ ಇದ್ಯಾವುದೂ ನಮಗೆ ಗೊತ್ತಿರಲಿಲ್ಲ.

ಆಸ್ಪತ್ರೆಯ ಮುಂದಿನ ಬೇವಿನ ಮರದ ಕೆಳಗೆ ಒಂದು ಕಲ್ಲುಬೆಂಚಿತ್ತು. ಅತ್ತೆ ಅದರ ತುದಿಯಲ್ಲಿ ಕೂತು, ಸೆರಗಿನಿಂದ ಬಾಯಿ ಮುಚ್ಚಿಕೊಂಡು, ಇನ್ನೊಂದು ತುದಿಗೆ ಹೋಗು ಎಂದು ನನಗೆ ಕೈಸನ್ನೆ ಮಾಡಿದಳು. ನಾನು ದೂರ ಕೂತೆ. ಅವಳು ಯುಗಾದಿಗೆ ಕೆಮ್ಮಿತ್ತೇ, ದಸರಾಕ್ಕೆ ಇತ್ತೇ ಎಂದು ತನ್ನಷ್ಟಕ್ಕೇ ಗೊಣಗುತ್ತಿದ್ದಳು. ಆಮೇಲೆ ಕೇಳಿದಳು.

"ನೀನು ನಮ್ಮನೇಗೆ ಬರದಂಗಾಗಿ ಎರಡು ವರ್ಸ ಆಯ್ತಲ್ವೇನಮ್ಮಿ?"

ಬಂತು, ಇಷ್ಟು ದಿನ ಹೊಟ್ಟೆಯಲ್ಲಿಟ್ಟುಕೊಂಡಿದ್ದು ಈಗ ಬಂತು ಎಂದುಕೊಂಡು ತಲೆ ತಗ್ಗಿಸಿದೆ. "ಹೂಂ ಅತ್ತೆ" ಅಂದೆ.

"ಮಧ್ಯದಾಗೆ ಒಂದಿನಾನೂ ಬಂದು ಮಲಗ್ಲಿಲ್ಲ ತಾನೆ?"

"ಇಲ್ಲ ಅತ್ತೆ."

ಅತ್ತೆ ದೊಡ್ಡದಾಗಿ ಉಸಿರು ಬಿಟ್ಟಳು. ಡಾಕ್ಟರು ಕಾಯಿಲೆಯ ಹೆಸರು ಹೇಳಿದಾಗಿನಿಂದ ಬಿಗಿದುಕೊಂಡಿದ್ದ ಅವಳ ಮುಖ ಆಗ ಸಡಿಲವಾಯಿತು.

"ಸದ್ಯ. ನನ್ ಮ್ಯಾಲೆ ಮುನಿಸ್ಕಂಡು ನೀನು ಬರದೇ ಇದ್ದಿದ್ದೇ ಒಳ್ಳೇದಾಯ್ತು ಕಣಮ್ಮಿ. ಇಲ್ದಿದ್ರೆ ನನ್ ಮಗ್ಗುಲಾಗೇ ಮಲಗಿರ್ತಿದ್ದೆ" ಅಂದಳು.

ನಾನು ಮಾತ್ರೆಯ ಪೊಟ್ಟಣವನ್ನು ಮಡಿಲಲ್ಲಿಟ್ಟುಕೊಂಡು, ಹೋಗುವವರು ಬರುವವರೆಲ್ಲ ನೋಡುತ್ತಿದ್ದರೂ, ಗಟ್ಟಿಯಾಗಿ ಅತ್ತುಬಿಟ್ಟೆ.